ದೇಶ ನಡೆಸುವವರಲ್ಲಿ ನೀವು ಮೊದಲು ಏನು ನೋಡುತ್ತೀರಿ? ಪಕ್ಷ ಬಿಟ್ಟು ಹೇಳಿ

ಅರಸೀಕೆರೆ ಮೇಷ್ಟ್ರು
2024ರ ಏಪ್ರಿಲ್ 26ರಂದು ನನಗೆ ಮತಗಟ್ಟೆ ಡ್ಯೂಟಿ ಬಿದ್ದಿತ್ತು. ಬೆರಳಿಗೆ ಶಾಯಿ ಹಚ್ಚುವ ಟೇಬಲ್ ನನ್ನದು. ಮಟಮಟ ಮಧ್ಯಾಹ್ನ ಒಬ್ಬ ಅಜ್ಜಿ ಬಂದರು. ಮತದಾರರ ಸಹಿ ಪಡೆಯುವ 17ಎ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಕೈ ಮುಂದೆ ಚಾಚಿ, ದೆಹಲಿಯ ಒಬ್ಬ ದೊಡ್ಡ ನಾಯಕರ ಹೆಸರು ಹೇಳಿ "ಅವರದ್ದು ಎಷ್ಟನೇ ಗುಂಡಿ ಸ್ವಾಮಿ?" ಅಂತ ಜೋರಾಗಿ ಕೇಳಿಬಿಟ್ಟರು. ಏಜೆಂಟರೆಲ್ಲ ತಲೆ ಎತ್ತಿದರು. "ಇಲ್ಲಿ ಹೆಸರು ಹೇಳಬಾರದಮ್ಮ, ಒಳಗೆ ಪಟ್ಟಿ ಇದೆ, ನೋಡಿ ಒತ್ತಿ" ಅಂದೆ. ಮತ ಹಾಕಿ ಆಚೆ ಬಂದವರು ಬೇಜಾರಿನಲ್ಲಿ "ಅವ್ರು ಅದ್ರಲ್ಲಿ ಇಲ್ವೇ ಇಲ್ವಲ್ಲಪ್ಪಾ" ಅಂದರು.

ಆ ಅಜ್ಜಿಗೆ ತಿಳಿವಳಿಕೆ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಕಾನೂನಿನ ಪ್ರಕಾರ ನಾವು ಆರಿಸುವುದು ಒಬ್ಬ ಎಂಪಿಯನ್ನು. 543ರಲ್ಲಿ 272 ಜನ ಯಾರ ಹಿಂದೆ ನಿಲ್ಲುತ್ತಾರೋ ಅವರು ಪ್ರಧಾನಿ. ಆದರೆ ಗುಂಡಿ ಒತ್ತುವಾಗ ಬಹಳ ಜನರ ತಲೆಯಲ್ಲಿ ಇರುವುದು ದೆಹಲಿಯ ಒಂದು ಮುಖ. ಹಾಗಾದರೆ ಆ ಮುಖದಲ್ಲಿ ನಾವು ಹುಡುಕುವುದೇನು?

ನಾನೇ ಶುರು ಮಾಡುತ್ತೇನೆ. ಕೆಲಸ ಕೆಟ್ಟಾಗ ಮುಂದೆ ಬಂದು ನಿಲ್ಲುವ ಗುಣ. 1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ರೈಲು ಅಪಘಾತವಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಹಳಿ ಕೊಚ್ಚಿಹೋಗಿದ್ದು ಮಳೆಗೆ. ಆದರೂ ಖಾತೆ ನನ್ನದು ಅಂದರು.

ನೀವೂ ಒಂದೇ ಗುಣ ಹೇಳಿ. ಜೊತೆಗೆ ನಿಜವಾಗಿ ನಡೆದ ಒಂದು ಉದಾಹರಣೆ ಕೊಡಿ. ಪಕ್ಷದ ಜಗಳ ಬೇಡ.

ಕೊಡಗು ಕಾಫಿ
ಪ್ರಾಮಾಣಿಕತೆ. ಅದಿಲ್ಲದೆ ಬೇರೆ ಏನಿದ್ದರೂ ದಂಡ.

ದಾವಣಗೆರೆ ಬೆಣ್ಣೆ
ಉದಾಹರಣೆ ಕೊಡಿ ಅಂದರಲ್ಲ, ಕೊಡಗಿನವರೇ!

ಮೇಷ್ಟ್ರೇ, ನಿಮ್ಮ ಮಾತಿಗೆ ನನ್ನ ತಕರಾರಿದೆ. ಅದೇ 1956ರ ಸೆಪ್ಟೆಂಬರಿನಲ್ಲಿ ಮೆಹಬೂಬ್‌ನಗರದ ಹತ್ತಿರವೂ ಸೇತುವೆ ಕುಸಿದು ರೈಲು ಬಿದ್ದಿತ್ತು. ಆಗಲೂ ಶಾಸ್ತ್ರಿಯವರು ರಾಜೀನಾಮೆ ಕೊಡಲು ಹೋದರು, ನೆಹರೂ ಒಪ್ಪಲಿಲ್ಲ. ಮೂರೇ ತಿಂಗಳಲ್ಲಿ ಇನ್ನೊಂದು ಅಪಘಾತ. ಹಾಗಾದರೆ ಪ್ರಯಾಣಿಕನಿಗೆ ಬೇಕಾಗಿದ್ದು ಏನು? ಮಂತ್ರಿ ಮನೆಗೆ ಹೋಗುವುದೋ, ಹಳೇ ಸೇತುವೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿಸುವುದೋ? ಬಿಟ್ಟು ಹೋಗುವುದಕ್ಕಿಂತ ಕೂತು ಸರಿಮಾಡುವುದು ಕಷ್ಟ. ನನಗೆ ಕೂತು ಸರಿಮಾಡುವವರು ಬೇಕು.

ಅರಸೀಕೆರೆ ಮೇಷ್ಟ್ರು
ಎರಡೂ ಬೇಕು ಸರ್. ನೆಹರೂ ಆಮೇಲೆ ರಾಜೀನಾಮೆ ಒಪ್ಪಿಕೊಂಡಾಗ, ಇದು ಶಾಸ್ತ್ರಿಯವರ ತಪ್ಪು ಅಂತ ಅಲ್ಲ, ಒಂದು ಮೇಲ್ಪಂಕ್ತಿ ಇರಲಿ ಅಂತ ಎಂಬ ಅರ್ಥದಲ್ಲೇ ಹೇಳಿದರು. ಅದು ಉಳಿದ ಮಂತ್ರಿಗಳಿಗೆ ಕೊಟ್ಟ ಸೂಚನೆ. ಕೆಳಗಿನ ಗ್ಯಾಂಗ್‌ಮನ್ ಒಬ್ಬನನ್ನು ಸಸ್ಪೆಂಡ್ ಮಾಡಿ ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆ ಅಂತ ನಿಮಗೂ ಗೊತ್ತು. ಹಾಗೆ ಹೋದವರು ಮುಂದೆ 1964ರಲ್ಲಿ ಪ್ರಧಾನಿಯಾದರು. ಮರುವರ್ಷ ಯುದ್ಧ, ಆಹಾರದ ಅಭಾವ. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಕೇಳಿದಾಗ ಜನ ಬಿಟ್ಟರು. ಆ ಮಾತಿಗೆ ತೂಕ ಬಂದಿದ್ದು ಹಿಂದಿನ ನಡತೆಯಿಂದ ಅಂತ ನನ್ನ ನಂಬಿಕೆ.

ಶಿರಸಿ ಅಡಿಕೆ
ನನ್ನದು ಬೇರೆ. ತನಗಿಂತ ಜಾಸ್ತಿ ತಿಳಿದವರನ್ನು ಹುಡುಕಿ ತಂದು, ಅವರ ಬೆನ್ನಿಗೆ ನಿಲ್ಲುವ ಗುಣ.

1991 ನೆನಪು ಮಾಡಿಕೊಳ್ಳಿ. ಎರಡು ಮೂರು ವಾರದ ಆಮದಿಗೆ ಆಗುವಷ್ಟು ಮಾತ್ರ ವಿದೇಶಿ ವಿನಿಮಯ ಉಳಿದಿತ್ತು. ದೇಶದ ಚಿನ್ನವನ್ನು ಹೊರಗೆ ಅಡವಿಟ್ಟ ಕಾಲ. ಪಿ.ವಿ. ನರಸಿಂಹರಾವ್ ಅವರಿಗೆ ಬಹುಮತವೂ ಇರಲಿಲ್ಲ. ರಾಜಕಾರಣಿಯೇ ಅಲ್ಲದ ಮನಮೋಹನ್ ಸಿಂಗ್ ಅವರನ್ನು ಕರೆದು ಹಣಕಾಸು ಕೊಟ್ಟರು. ಜುಲೈ 1 ಮತ್ತು 3ರಂದು ಎರಡು ಸಲ ರೂಪಾಯಿ ಬೆಲೆ ಇಳಿಸಿದರು. ಜುಲೈ 24ಕ್ಕೆ ಬಜೆಟ್. ಸ್ವಂತ ಪಕ್ಷದವರೇ ಬೈದರು. ರಾವ್ ಅವರು ಮಂತ್ರಿಯನ್ನು ಬದಲಾಯಿಸಲಿಲ್ಲ. ಎಲ್ಲ ನನಗೇ ಗೊತ್ತು ಅನ್ನುವವರು ಆ ಕುರ್ಚಿಯಲ್ಲಿದ್ದಿದ್ದರೆ ಅದು ಆಗುತ್ತಿರಲಿಲ್ಲ.

ರಾಯಚೂರು ಬಿಸಿಲು
ಅದೇ ರಾವ್ ಅವರು 1992ರ ಡಿಸೆಂಬರ್ 6ರಂದು ಏನು ಮಾಡಿದರು? ಅಯೋಧ್ಯೆಯಲ್ಲಿ ಇಡೀ ಮಧ್ಯಾಹ್ನ ಕಟ್ಟಡ ಕೆಡವುತ್ತಿದ್ದರೆ ದೆಹಲಿ ಸುಮ್ನೆ ಕೂತಿತ್ತು. ರಾಜ್ಯದವರು ಸುಪ್ರೀಂ ಕೋರ್ಟಿಗೆ ಕೊಟ್ಟ ಮಾತನ್ನು ನಂಬಿದ್ದೆವು ಅಂದರು. ಆಮೇಲೆ ಎಷ್ಟು ಊರುಗಳಲ್ಲಿ ಎಷ್ಟು ಹೆಣ ಬಿದ್ದವು. ಮೌನ ಒಂದು ಕಡೆ ಗುಣ, ಇನ್ನೊಂದು ಕಡೆ ಅಪರಾಧ. ಒಬ್ಬ ನಾಯಕನ ಒಳ್ಳೆಯ ವರ್ಷವನ್ನು ಮಾತ್ರ ತೆಗೆದು ತೋರಿಸಬೇಡಿ ಸರ್.

ಶಿರಸಿ ಅಡಿಕೆ
ಒಪ್ಪಿದೆ. ಆದರೆ ನೀವು ಹೇಳಿದ್ದರಿಂದ ನನ್ನ ಮಾತು ಸುಳ್ಳಾಗುವುದಿಲ್ಲ. ಎಲ್ಲ ಗುಣಗಳೂ ಒಬ್ಬರಲ್ಲೇ ಸಿಗುವುದಿಲ್ಲ ಅಂತ ಆಯಿತು, ಅಷ್ಟೇ.

ಹುಬ್ಬಳ್ಳಿ ಮಂದಿ
ಧೈರ್ಯ ಬೇಕ್ರೀ. ಹೊರಗಿನವರು ಏನಂತಾರೆ ಅಂತ ನೋಡದೆ ನಿರ್ಧಾರ ಮಾಡುವ ಎದೆಗಾರಿಕೆ. 1974ರಲ್ಲಿ ಇಂದಿರಾ ಗಾಂಧಿ ಪೋಖ್ರಾನಿನಲ್ಲಿ ಅಣು ಪರೀಕ್ಷೆ ಮಾಡಿಸಿದರು. 1998ರ ಮೇ ತಿಂಗಳಲ್ಲಿ ವಾಜಪೇಯಿ ಮತ್ತೆ ಮಾಡಿಸಿದರು. ಅಮೆರಿಕ ನಿರ್ಬಂಧ ಹಾಕಿತು. ದೇಶ ಬಗ್ಗಲಿಲ್ಲ. ಎರಡು ಬೇರೆ ಪಕ್ಷ, ಗುಣ ಒಂದೇ. ನಾಯಕ ಅಂದರೆ ಹಂಗ ಇರಬೇಕು.

ಗಾಂಧಿನಗರ
ಧೈರ್ಯಕ್ಕೆ ಲಗಾಮು ಯಾರು ಹಾಕುತ್ತಾರೆ? ಬೆಂಗಳೂರಿನವರಿಗೆ ಫ್ರೀಡಂ ಪಾರ್ಕ್ ಗೊತ್ತು. ಈಗ ಪ್ರತಿಭಟನೆ ನಡೆಯುವ ಜಾಗ. ಮುಂಚೆ ಅದು ಸೆಂಟ್ರಲ್ ಜೈಲು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸದೀಯ ಸಮಿತಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಮಾರನೇ ದಿನ ಹಿಡಿದು ಅಲ್ಲೇ ಇಟ್ಟರು. ನೀವು ಮೆಚ್ಚಿದ ಎದೆಗಾರಿಕೆಯ ಇನ್ನೊಂದು ಮುಖ ಅದು. ಒಳಗೆ ಹೋದರೆ ಕಾವಲು ಗೋಪುರ ಇನ್ನೂ ನಿಂತಿದೆ, ನೋಡಿ ಬನ್ನಿ.

ಹುಬ್ಬಳ್ಳಿ ಮಂದಿ
ಆ ತುರ್ತು ಪರಿಸ್ಥಿತಿಗೆ ನಾನೂ ವಿರೋಧಿಯೇ. ಆದರೆ 1977ರಲ್ಲಿ ಇಡೀ ಉತ್ತರ ಭಾರತ ಇಂದಿರಾ ಅವರನ್ನು ಕಿತ್ತು ಹಾಕಿದಾಗ ನಮ್ಮ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ ಕೊಟ್ಟಿತು. ಇದಕ್ಕೇನಂತೀರಿ?

ಮೂಡಿಗೆರೆ ಮಳೆ
ಇದಕ್ಕೆ ಉತ್ತರ ನಾನು ಹೇಳುತ್ತೇನೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಗೆ ಮತ ಹಾಕಿದ ಮನೆ ನಮ್ಮದು. ಎದುರಿಗೆ ನಿಂತಿದ್ದವರು ವೀರೇಂದ್ರ ಪಾಟೀಲರು, ಒಳ್ಳೆಯ ಹೆಸರಿದ್ದ ಮಾಜಿ ಮುಖ್ಯಮಂತ್ರಿ. 77 ಸಾವಿರಕ್ಕೂ ಜಾಸ್ತಿ ಮತಗಳಲ್ಲಿ ಸೋತರು.

ನಮ್ಮ ತಂದೆ ಗೇಣಿದಾರರು. ದೇವರಾಜ ಅರಸರ ಕಾಲದಲ್ಲಿ ಉಳುವವನೇ ಹೊಲದೊಡೆಯ ಕಾನೂನು ಬಂದಾಗ ಡಿಕ್ಲರೇಶನ್ ಹಾಕಿದರು, ಅದೇ ಫಾರಂ 7. ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ ಧಣಿಗಳ ಕಡೆಯವರು ಪಕ್ಕದಲ್ಲೇ ಇದ್ದರು. ತಂದೆ ತಲೆ ಎತ್ತದೆ, ಪ್ರತಿ ಗದ್ದೆಯ ಬದು ಎಲ್ಲಿಂದ ಎಲ್ಲಿಗೆ, ಯಾವ ಗದ್ದೆಗೆ ನೀರು ಯಾವ ಕಡೆಯಿಂದ ಬರುತ್ತದೆ ಅಂತ ಹೇಳುತ್ತಾ ಹೋದರಂತೆ. ಭೂಮಿ ನಮ್ಮ ಹೆಸರಿಗೆ ಆಯಿತು. ಆ ಪಹಣಿ ಈಗಲೂ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅಂಥ ಮನೆಯವರು ಜೈಲಿನ ಸುದ್ದಿ ಕೇಳಿ ಮತ ಬದಲಾಯಿಸಬೇಕಿತ್ತು ಅನ್ನುವುದು ಸುಲಭ. ಅವರ ಪಾಲಿಗೆ ದೆಹಲಿಯ ನಾಯಕಿ ಅಂದರೆ ಆ ಗದ್ದೆ.

ನನ್ನ ಪ್ರಕಾರ ಮತದಾರ ನೋಡುವ ಗುಣ ಇದೇ: ಇವರ ಕಾಲದಲ್ಲಿ ನನ್ನ ಬದುಕು ಬದಲಾಯಿತಾ?

ಗಾಂಧಿನಗರ
ಅಕ್ಕಾ, ನಿಮ್ಮ ತಂದೆಯ ಮೇಲೆ ನನಗೆ ಗೌರವವಿದೆ. ಆದರೆ ಕಾನೂನು ತಂದವರು ಅರಸರು, ಬೆಂಗಳೂರಿನಲ್ಲಿ ಕೂತು. ಮತ ಬಿದ್ದಿದ್ದು ದೆಹಲಿಯವರಿಗೆ. ಕೆಲಸ ಒಬ್ಬರದು, ಮತ ಇನ್ನೊಬ್ಬರಿಗೆ. ಆಮೇಲಿನ ವರ್ಷವೇ ಇಬ್ಬರೂ ಬೇರೆಯಾದರು. 1980ರಲ್ಲಿ ಜನ ಅರಸರನ್ನು ಕೈಬಿಟ್ಟರು.

ಮೂಡಿಗೆರೆ ಮಳೆ
ಅದು ನನಗೂ ಇವತ್ತಿಗೂ ನೋವಿನ ವಿಷಯ.

ಅಂಕಿ ಅಂಶ
ಎಲ್ಲರೂ ಒಂದು ವಿಷಯ ಮರೆಯುತ್ತಿದ್ದೀರಿ. ನಮ್ಮ ಮತದಾರ ದೆಹಲಿಗೆ ಒಂದು ಅಳತೆಗೋಲು, ಬೆಂಗಳೂರಿಗೆ ಇನ್ನೊಂದು ಇಟ್ಟುಕೊಂಡಿದ್ದಾನೆ. 1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸೀಟಿನಲ್ಲಿ ಕಾಂಗ್ರೆಸ್ಸಿಗೆ 24. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ನಡುವೆ ಬರೀ ಮೂರು ತಿಂಗಳು! 2013ರಲ್ಲಿ ವಿಧಾನಸಭೆ ಕಾಂಗ್ರೆಸ್ಸಿಗೆ, 2014ರಲ್ಲಿ ಲೋಕಸಭೆಗೆ ಬಿಜೆಪಿ 17. 2023ರಲ್ಲಿ ಕಾಂಗ್ರೆಸ್ 135, ಮರುವರ್ಷ ಲೋಕಸಭೆಗೆ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2.

ಮುಖ್ಯಮಂತ್ರಿ ಅಂದರೆ ಅಕ್ಕಿ, ಕರೆಂಟು, ರಸ್ತೆ. ಪ್ರಧಾನಿ ಅಂದರೆ ಗಡಿ, ರೂಪಾಯಿ, ದೇಶದ ಮರ್ಯಾದೆ. ಹೀಗೆ ವಿಂಗಡಿಸಿ ಮತ ಹಾಕುವ ಜನರನ್ನು ಭಾವುಕರು ಅನ್ನುವುದನ್ನು ಮೊದಲು ಬಿಡಿ.

ಮಂಡ್ಯ ಗದ್ದೆ
ಗಡಿ, ಮರ್ಯಾದೆ ಎಲ್ಲಾ ಸರಿ. ಕಬ್ಬಿಗೆ ಎಫ್ಆರ್‌ಪಿ, ಅಂದರೆ ಕಾರ್ಖಾನೆ ಕೊಡಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುವುದು ಯಾರು? ಕೇಂದ್ರ. ರಾಗಿಗೆ ಬೆಂಬಲ ಬೆಲೆ ಘೋಷಿಸುವುದು ಯಾರು? ಕೇಂದ್ರ. ಹೋದ ಸಲ ಖರೀದಿ ಕೇಂದ್ರದ ಮುಂದೆ ರೈತರ ನೋಂದಣಿಯ ಫ್ರೂಟ್ಸ್ ಐಡಿ ಚೀಟಿ ಹಿಡಿದು ನಿಂತೆ. ಸರತಿ ಬರುವಷ್ಟರಲ್ಲಿ ಸರ್ವರ್ ಇಲ್ಲ ಅಂದರು. ಚೀಲ ಇಳಿಸಿದ ಟ್ರಾಕ್ಟರ್ ಬಾಡಿಗೆ ನನ್ನ ಕೈಯಿಂದ. ದೆಹಲಿಯಲ್ಲಿ ಕೂತವರಿಗೆ ಬೆಲೆ ಘೋಷಿಸುವುದಕ್ಕೂ ಆ ಬೆಲೆ ನನ್ನ ಕೈಗೆ ಬರುವುದಕ್ಕೂ ನಡುವೆ ಎಷ್ಟು ದೂರ ಅಂತ ಗೊತ್ತಿರಬೇಕು. ಅದು ಗೊತ್ತಿರುವವರು ನನ್ನ ನಾಯಕ.

ದೇವೇಗೌಡರ ಹೆಸರು ಯಾರೂ ಎತ್ತಲಿಲ್ಲವಲ್ಲ, ಆಶ್ಚರ್ಯ. 1996ರ ಜೂನ್ 1ರಿಂದ 1997ರ ಏಪ್ರಿಲ್ ತನಕ, ಒಂದು ವರ್ಷವೂ ತುಂಬಲಿಲ್ಲ. ಅಷ್ಟರಲ್ಲೇ ಅಸ್ಸಾಮಿನಲ್ಲಿ ಬ್ರಹ್ಮಪುತ್ರದ ಮೇಲೆ ಬೋಗಿಬೀಲ್ ಸೇತುವೆಗೆ ಅಡಿಗಲ್ಲು ಹಾಕಿದರು. ಅಲ್ಲಿ ಅವರಿಗೆ ಒಂದು ಮತವೂ ಸಿಗುವುದಿಲ್ಲ! ಸುಮಾರು 5 ಕಿಲೋಮೀಟರ್ ಉದ್ದದ ಆ ಸೇತುವೆ 2018ರ ಡಿಸೆಂಬರಿನಲ್ಲಿ ತೆರೆಯಿತು. ತನ್ನ ರಾಜ್ಯ ಬಿಟ್ಟು ನೋಡುವ ಕಣ್ಣು ಅಂದರೆ ಅದು.

ದಾವಣಗೆರೆ ಬೆಣ್ಣೆ
ಅಡಿಗಲ್ಲಿಗೂ ಉದ್ಘಾಟನೆಗೂ ನಡುವೆ 21 ವರ್ಷ. ಕೆಲಸ ನಿಜವಾಗಿ ಶುರುವಾಗಿದ್ದು 2002ರಲ್ಲಿ ವಾಜಪೇಯಿ ಕಾಲದಲ್ಲಿ, ಮುಗಿದಿದ್ದು ಮೋದಿ ಕಾಲದಲ್ಲಿ. ಅಡಿಗಲ್ಲಿಗೆ ನಾನು ಅಂಕ ಕೊಡುವುದಿಲ್ಲ. ಹಿಂದಿನವರು ಬಿಟ್ಟ ಕೆಲಸವನ್ನು ನಿಲ್ಲಿಸದೆ ಮುಂದುವರಿಸುವುದು ದೊಡ್ಡ ಗುಣ. ನಮ್ಮಲ್ಲಿ ಸರ್ಕಾರ ಬದಲಾದರೆ ಮೊದಲು ಬದಲಾಗುವುದು ಯೋಜನೆಯ ಹೆಸರು.

ಮಂಡ್ಯ ಗದ್ದೆ
ಅಡಿಗಲ್ಲು ಹಾಕದೆ ಮುಂದುವರಿಸುವುದು ಏನನ್ನು ಸ್ವಾಮಿ?

ಕೊಡಗು ಕಾಫಿ
ಮಂಡ್ಯದವರೇ, ಕಾವೇರಿ ವಿಷಯದಲ್ಲಿ ನಿಮಗೆ ಎಂಥ ಪ್ರಧಾನಿ ಬೇಕು?

ಮಂಡ್ಯ ಗದ್ದೆ
ಕರೆದು ಕೂರಿಸಿ ಮಾತಾಡಿಸುವವರು. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲು 284.75 ಟಿಎಂಸಿ ಅಂತ ಹೇಳಿತು. ಒಳ್ಳೆ ಮಳೆ ಆದ ವರ್ಷ ಯಾರಿಗೂ ಗಲಾಟೆ ಇಲ್ಲ. ಮಳೆ ಕೈಕೊಟ್ಟ ವರ್ಷ ಕನ್ನಂಬಾಡಿಯಲ್ಲಿ ನೀರು ಇಳಿಯುತ್ತಿರುತ್ತದೆ, ಬಿಡಿ ಅಂತ ಆದೇಶ ಬರುತ್ತದೆ. ಆಗ ದೆಹಲಿಯಲ್ಲಿ ಯಾವ ಪಕ್ಷ ಇದ್ದರೂ ಬಾಯಿ ಬಿಡುವುದಿಲ್ಲ. ಎರಡೂ ಕಡೆ ಮತ ಇದೆಯಲ್ಲ.

ಹೊಸೂರು ಗಡಿ
ತಮಿಳುನಾಡಿನಲ್ಲಿ ಇರುವ ಕನ್ನಡದವನು ನಾನು. ಇಲ್ಲಿನ ರೈತರೂ ದೆಹಲಿ ಬಗ್ಗೆ ಇದೇ ಮಾತು ಆಡುತ್ತಾರೆ. ತಂಜಾವೂರಿನವರಿಗೆ ದೆಹಲಿ ಕರ್ನಾಟಕದ ಕಡೆ, ಮಂಡ್ಯದವರಿಗೆ ತಮಿಳುನಾಡಿನ ಕಡೆ. ಎರಡೂ ಕಡೆಯವರಿಗೆ ಸ್ವಲ್ಪ ಬೇಜಾರು ಮಾಡಿ, ಕಾರಣ ಬಿಡಿಸಿ ಹೇಳುವವರು ಬೇಕು.

ಅಂಕಿ ಅಂಶ
ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆ ಪಾಲಿಗೂ ಇದೇ ಅನ್ವಯ. 14ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು 4.713 ಪರ್ಸೆಂಟ್ ಇತ್ತು, 15ನೆಯದರಲ್ಲಿ 3.647ಕ್ಕೆ ಇಳಿಯಿತು. ಬಡ ರಾಜ್ಯಕ್ಕೆ ಜಾಸ್ತಿ ಹೋಗಲಿ, ನನ್ನ ತಕರಾರಿಲ್ಲ. ಆದರೆ ಕಳೆದುಕೊಂಡ ರಾಜ್ಯದ ಜನರ ಮುಂದೆ ನಿಂತು ಯಾಕೆ ಅಂತ ಹೇಳುವ ಹೊಣೆ ಪ್ರಧಾನಿಯದ್ದು.

ಉಳ್ಳಾಲ ಟು ಮಸ್ಕತ್
ನಾವು ಹೊರಗಿರುವವರು. 2011ರಿಂದ ನಮಗೂ ಮತದ ಹಕ್ಕು ಇದೆ, ಆದರೆ ಟಿಕೆಟ್ ಹಾಕಿಸಿ ಊರಿಗೇ ಬರಬೇಕು. ನಾನು ನೋಡುವ ಗುಣ ಬೇರೆ. ಕಷ್ಟದಲ್ಲಿ ಸಿಕ್ಕಿಬಿದ್ದವನನ್ನು ಹುಡುಕಿಕೊಂಡು ಬರುತ್ತಾರಾ?

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ನನ್ನ ಸೋದರಮಾವ ಅಲ್ಲಿ ಅಂಗಡಿ ಕೆಲಸದಲ್ಲಿದ್ದರು. ಸಂಬಳ, ಉಳಿತಾಯ ಎಲ್ಲ ಅಲ್ಲೇ ಹೋಯಿತು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ, ಮರುಭೂಮಿಯಲ್ಲಿ ಟೆಂಟು, ಕೊನೆಗೆ ಅಮ್ಮಾನಿನಿಂದ ಏರ್ ಇಂಡಿಯಾ. ಮಂಗಳೂರಿಗೆ ಬಂದು ಇಳಿದಾಗ ಕೈಯಲ್ಲಿ ಒಂದೇ ಚೀಲ, ಅದರಲ್ಲಿ ಪಾಸ್‌ಪೋರ್ಟು ಮತ್ತು ತಂಗಿಗೆ ಅಂತ ಮೊದಲೇ ತೆಗೆದಿಟ್ಟಿದ್ದ ಸೀರೆ. ಹೀಗೆ ಒಂದು ಲಕ್ಷ 70 ಸಾವಿರದಷ್ಟು ಜನರನ್ನು ತಂದರು. ಆಗ ಇದ್ದದ್ದು ವಿ.ಪಿ. ಸಿಂಗ್ ಸರ್ಕಾರ, ಅವತ್ತೋ ನಾಳೆಯೋ ಬೀಳುವ ಸ್ಥಿತಿಯಲ್ಲಿತ್ತು. ವಿದೇಶಾಂಗ ಮಂತ್ರಿ ಗುಜ್ರಾಲ್ ಬಾಗ್ದಾದಿಗೇ ಹೋಗಿ ಸದ್ದಾಂ ಹುಸೇನನನ್ನು ಕಂಡರು. ಅಪ್ಪಿಕೊಂಡ ಫೋಟೊ ಬಂತು. ಜಗತ್ತೆಲ್ಲ ಟೀಕೆ ಮಾಡಿತು. ತನ್ನ ಹೆಸರು ಕೆಟ್ಟರೂ ಜನ ಮನೆಗೆ ಬರಲಿ ಅಂತ ಹೋದರಲ್ಲ, ನಮ್ಮ ಮನೆಯಲ್ಲಿ ಅವರನ್ನು ಇವತ್ತಿಗೂ ನೆನೆಯುತ್ತೇವೆ. 2015ರಲ್ಲಿ ಯೆಮನ್‌ನಿಂದ ಜನರನ್ನು ತರುವಾಗ ಮಂತ್ರಿ ವಿ.ಕೆ. ಸಿಂಗ್ ಪಕ್ಕದ ಜಿಬೂತಿಯಲ್ಲೇ ಠಿಕಾಣಿ ಹೂಡಿ ನೋಡಿಕೊಂಡರು. ಅದಕ್ಕೂ ಅಷ್ಟೇ ಗೌರವ.

ರಾಯಚೂರು ಬಿಸಿಲು
ಓದಿ ಕಣ್ಣು ತುಂಬಿ ಬಂತು ಭಾಯಿ. ಇದು ನಿಜವಾದ ಉದಾಹರಣೆ.

ತುಮಕೂರು ಫಸ್ಟ್ ವೋಟ್
ನಾನು ಹೋದ ಸಲವೇ ಮೊದಲು ಮತ ಹಾಕಿದ್ದು. ದೊಡ್ಡವರೆಲ್ಲ ಹಳೇ ಕಾಲದ ಮಾತು ಆಡುತ್ತಿದ್ದೀರಿ. ನನಗೆ ಬೇಕಾಗಿರುವುದು ಪ್ರಶ್ನೆಗೆ ಉತ್ತರ ಕೊಡುವವರು. ನಾನು ಬರೆದ ಒಂದು ನೇಮಕಾತಿ ಪರೀಕ್ಷೆ ಪೇಪರ್ ಲೀಕ್ ಆಗಿ ರದ್ದಾಯಿತು. ಪಿಜಿ ಬಾಡಿಗೆ, ಕೋಚಿಂಗ್ ಫೀಸು ಎಲ್ಲ ಅಪ್ಪ ಕೊಟ್ಟಿದ್ದರು. ಮರುಪರೀಕ್ಷೆ ಯಾವಾಗ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಮೇಲಿನವರು ಪತ್ರಕರ್ತರ ಮುಂದೆ ಕೂತು, ಮೊದಲೇ ಬರೆದುಕೊಡದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ಇಟ್ಟುಕೊಂಡರೆ ಕೆಳಗಿನವರೂ ಕಲಿಯುತ್ತಾರೆ.

ಹುಬ್ಬಳ್ಳಿ ಮಂದಿ
ಪತ್ರಕರ್ತರೇ ಯಾಕೆ ಬೇಕು ತಂಗಿ? ರೇಡಿಯೊದಲ್ಲಿ ಮೋದಿ ತಿಂಗಳಿಗೊಮ್ಮೆ ನೇರವಾಗಿ ಜನರ ಜೊತೆ ಮಾತಾಡುತ್ತಾರಲ್ಲ, 2014ರಿಂದ.

ತುಮಕೂರು ಫಸ್ಟ್ ವೋಟ್
ಅಣ್ಣಾ, ಅದು ಅವರು ಹೇಳುವುದು, ನಾವು ಕೇಳುವುದು. ನಾನು ಹೇಳುತ್ತಿರುವುದು ನಾವು ಪ್ರಶ್ನೆ ಮಾಡುವುದರ ಬಗ್ಗೆ.

ಶಿರಸಿ ಅಡಿಕೆ
ಮನಮೋಹನ್ ಸಿಂಗ್ 2014ರ ಜನವರಿ 3ರಂದು ದೊಡ್ಡ ಪತ್ರಿಕಾಗೋಷ್ಠಿ ಮಾಡಿದರು. ಕಟುವಾದ ಪ್ರಶ್ನೆಗಳೇ ಬಂದವು, ಕೂತು ಉತ್ತರ ಕೊಟ್ಟರು. ಆದರೂ ಅವರ ಪಕ್ಷ 44 ಸೀಟಿಗೆ ಇಳಿಯಿತು. ಮತದಾರನಿಗೆ ಉತ್ತರ ಮುಖ್ಯ ಅನ್ನುವುದಾದರೆ ಹೀಗಾಗುತ್ತಿತ್ತಾ?

ತುಮಕೂರು ಫಸ್ಟ್ ವೋಟ್
ಹತ್ತು ವರ್ಷದ ಕೊನೆಗೆ ಕೊಟ್ಟ ಉತ್ತರ ಅದು. ಹಗರಣದ ಸುದ್ದಿ ದಿನಾ ಬರುತ್ತಿದ್ದಾಗ ಮಾತಾಡಬೇಕಿತ್ತು.

ಲಂಡನ್ ಲಕ್ಷ್ಮಿ
ಇಲ್ಲಿ ಪಾರ್ಲಿಮೆಂಟ್ ನಡೆಯುವಾಗ ಪ್ರತಿ ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿ ನಿಂತು ಅರ್ಧ ಗಂಟೆಯಷ್ಟು ಪ್ರಶ್ನೆಗೆ ಉತ್ತರ ಕೊಡಲೇಬೇಕು. ಗಲಾಟೆ ಜಾಸ್ತಿ, ನಿಜ. ಆದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಇನ್ನೂ ಮುಖ್ಯ ಅಂದರೆ ಸ್ವಂತ ಪಕ್ಷದವರೇ ಸಾಕು ಅನ್ನಬಹುದು. 1990ರಲ್ಲಿ ಥ್ಯಾಚರ್, 2022ರಲ್ಲಿ ಬೋರಿಸ್ ಜಾನ್ಸನ್ ಕೆಳಗಿಳಿದಿದ್ದು ಹಾಗೆ. ನನ್ನ ಪ್ರಕಾರ ನಾಯಕನ ಗುಣ ನೋಡುವುದಕ್ಕಿಂತ, ಆ ನಾಯಕನಿಗೆ ಬೇಡ ಅನ್ನುವ ಧೈರ್ಯ ಸುತ್ತ ಇರುವವರಿಗೆ ಇದೆಯಾ ಅಂತ ನೋಡಬೇಕು.

ದಾವಣಗೆರೆ ಬೆಣ್ಣೆ
ಅಲ್ಲಿ ಲಿಜ್ ಟ್ರಸ್ ಎರಡು ತಿಂಗಳೂ ಉಳಿಯಲಿಲ್ಲ ಮೇಡಂ. ನಮಗೂ ಆ ರುಚಿ ಗೊತ್ತು. 1996, 1998, 1999, ನಾಲ್ಕು ವರ್ಷದೊಳಗೆ ಮೂರು ಲೋಕಸಭಾ ಚುನಾವಣೆ. ಆಡಳಿತ ನಿಂತೇ ಹೋಗಿತ್ತು.

ಗಾಂಧಿನಗರ
1999 ಅಂದಿರಲ್ಲ, ಏಪ್ರಿಲ್ 17ರಂದು ಲೋಕಸಭೆಯ ವಿಶ್ವಾಸಮತದಲ್ಲಿ ವಾಜಪೇಯಿ ಒಂದೇ ಮತದಿಂದ ಸೋತರು. ಪರ 269, ವಿರೋಧ 270. ಒರಿಸ್ಸಾ ಮುಖ್ಯಮಂತ್ರಿಯಾಗಿದ್ದ ಗಿರಿಧರ್ ಗಮಾಂಗ್ ಎಂಪಿ ಸ್ಥಾನ ಬಿಡದೆ ಬಂದು ಮತ ಹಾಕಿದ್ದರು. ಆ ತಕರಾರು ಹಿಡಿದುಕೊಂಡು ಕೂರಬಹುದಿತ್ತು. ಎದ್ದು ಹೋಗಿ ರಾಜೀನಾಮೆ ಕೊಟ್ಟರು. ಸೋಲನ್ನು ಮರ್ಯಾದೆಯಿಂದ ಒಪ್ಪಿಕೊಳ್ಳುವುದು ನನ್ನ ಪಟ್ಟಿಯಲ್ಲಿ ಮೊದಲು.

ವೇದಿಕೆ ನಿರ್ವಾಹಕ
ಈಗಿನ ನಾಯಕರ ಬಗ್ಗೆ ವೈಯಕ್ತಿಕ ನಿಂದನೆ ಇದ್ದ ಕೆಲವು ಉತ್ತರ ತೆಗೆದಿದ್ದೇನೆ. ಕೆಲಸದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಮನೆಯವರನ್ನು ಎಳೆಯಬೇಡಿ.

ಅರಸೀಕೆರೆ ಮೇಷ್ಟ್ರು
ಲಕ್ಷ್ಮಿಯವರ ಮಾತು ಮುಖ್ಯ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಇದೆ. ಸದನದಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಎಂಪಿ ಸ್ಥಾನವೇ ಹೋಗಬಹುದು. ಜನಪ್ರತಿನಿಧಿಗಳ ಖರೀದಿ ನಿಲ್ಲಿಸಲು ತಂದ ಕಾನೂನು, ಅದರ ಅಗತ್ಯವೂ ಇತ್ತು. ಆದರೆ ಎಂಪಿಗೆ ಬೇಡ ಅನ್ನುವ ಬಾಯಿಯೂ ಹೋಯಿತು. ಇನ್ನು ಟಿಕೆಟ್ ಕೊಡುವುದೂ ಮೇಲಿನವರೇ. ಹೀಗಿರುವಾಗ ನಾವು ಆರಿಸಿದ ಎಂಪಿ ನಮ್ಮ ಪರವಾಗಿ ನಾಯಕನನ್ನು ಅಳೆಯುತ್ತಾನೆ ಅಂತ ನಂಬುವುದು ಹೇಗೆ?

ರಾಯಚೂರು ಬಿಸಿಲು
ಅಳೆಯಲು ಎಂಪಿ ಸಮರ್ಥನಾಗಿರಬೇಕು ಮೊದಲು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದಾಗಿ ಅಭ್ಯರ್ಥಿಗಳು ಕೇಸು, ಆಸ್ತಿ, ಸಾಲ, ಓದು ಎಲ್ಲ ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ಫಾರಂ 26 ಅಂತ, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ತೆರೆದು ಓದಿದವರು ಯಾರೂ ಸಿಗಲಿಲ್ಲ. ನಾನು ಪ್ರಿಂಟ್ ತೆಗೆದು ಹೋಟೆಲಿನ ಗೋಡೆಗೆ ಅಂಟಿಸಿದೆ. ಜನ ಟೀ ಕುಡಿಯುತ್ತಾ ಆಸ್ತಿ ಪುಟ ಓದಿದರು, ಕೇಸಿನ ಪುಟ ತಿರುಗಿಸಲೇ ಇಲ್ಲ.

ಮೂಡಿಗೆರೆ ಮಳೆ
ಅಂಟಿಸಿದ್ದು ಒಳ್ಳೇ ಕೆಲಸ. ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಮುಂದಿನ ಸಲ ಗಟ್ಟಿಯಾಗಿ ಓದಿಸುತ್ತೇನೆ, ಎಲ್ಲ ಪಕ್ಷದವರದ್ದೂ.

ತುಮಕೂರು ಫಸ್ಟ್ ವೋಟ್
ಚುನಾವಣೆ ತನಕ ಕಾಯುವುದು ಯಾಕೆ? ಡಿಜಿಟಲ್ ಸಂಸದ್ ಅಂತ ಪಾರ್ಲಿಮೆಂಟಿನದೇ ವೆಬ್‌ಸೈಟ್ ಇದೆ. ಯಾವ ಎಂಪಿ ಯಾವ ಪ್ರಶ್ನೆ ಕೇಳಿದರು, ಮಂತ್ರಿ ಏನು ಉತ್ತರ ಕೊಟ್ಟರು, ಎಲ್ಲ ಇದೆ. ನನ್ನ ಕ್ಷೇತ್ರದ್ದು ಈಗ ನೋಡುತ್ತಿದ್ದೇನೆ, ನೇಮಕಾತಿ ಪರೀಕ್ಷೆಯ ಬಗ್ಗೆ ಏನಿದೆ ಅಂತ ನಾಳೆ ಇಲ್ಲೇ ಹಾಕುತ್ತೇನೆ. ನೀವೂ ನಿಮ್ಮ ನಿಮ್ಮದು ಹಾಕಿ. ಮಂಡ್ಯ ಅಂಕಲ್, ಕಬ್ಬು, ರಾಗಿ ಬಗ್ಗೆ ನಿಮ್ಮ ಕಡೆಯಿಂದ ಪ್ರಶ್ನೆ ಹೋಗಿದೆಯಾ ನೋಡಿ.

ಮಂಡ್ಯ ಗದ್ದೆ
ನೋಡುತ್ತೇನೆ ಕಣಮ್ಮ. ಮಗನ ಫೋನಿನಲ್ಲಿ ತೆಗೆಸುತ್ತೇನೆ. ಪ್ರಶ್ನೆ ಒಂದೇ ಅಲ್ಲ, ಮಂತ್ರಿ ಕೊಟ್ಟ ಉತ್ತರವನ್ನೂ ಹಾಕುತ್ತೇನೆ. ಅದರಲ್ಲಿ ಸರ್ವರ್ ವಿಷಯ ಇದೆಯೋ ಇಲ್ಲವೋ ಅದು ನನಗೆ ಬೇಕು.